ಮನೆಅಳಿಯನ ಹೊಟ್ಟೆ

"ಜೇಬು ಬೋರಲು ಹಾಕೇ ಕಳ್ಳ ಮುಂಡೆ! ಅಲ್ಲೇ ನಿಂತ್ಕೊಂಡು, ಎಲ್ಲರೆದುರಿಗೇ ಹಾಕು."

ಲಾಡ್ಜಿನ ಮ್ಯಾನೇಜರನ ಬೆರಳು ಅವಳ ರಬ್ಬರ್ ಏಪ್ರನ್ನಿನ ಜೇಬಿನತ್ತ ಚಾಚಿತ್ತು. ಅವಳು ಮೀನು ಕೊಯ್ಯುವ ಶೆಡ್ಡಿನ ಹಿಂಬಾಗಿಲಲ್ಲಿ ನಿಂತಿದ್ದಳು. ಮೊಣಕೈವರೆಗೆ ರಕ್ತ, ಉಗುರಿನ ಸಂದಿಯಲ್ಲೆಲ್ಲ ಲೋಳೆ. ಬೆಳಿಗ್ಗೆಯಿಂದ ಅರವತ್ತು ಟ್ರೌಟ್ ಮೀನು ಕೊಯ್ದ ಕೈ ಐಸಿನ ಥಂಡಿಗೆ ಮರಗಟ್ಟಿತ್ತು. ಭಯ ಬಂದದ್ದು ಮ್ಯಾನೇಜರನ ಬೆನ್ನ ಹಿಂದೆ ಮೀನು ಇಲಾಖೆಯ ಸಾಹೇಬರನ್ನು ಕಂಡಾಗ.

ಜೇಬಿನಿಂದ ಒಂದು ಪ್ಲಾಸ್ಟಿಕ್ ಚೀಲ ಬಿತ್ತು. ಒಳಗೆ ಬೆರಳುದ್ದದ ಬೆಳ್ಳನೆಯ ಮೀನು, ಹನ್ನೊಂದು.

ಸಾಹೇಬರು ಬಗ್ಗಿ ನೋಡಿದರು. "ಕಡ್ಡಿಮೀನು! ಇದನ್ನ ಹಿಡಿಯೋ ಹಾಗಿಲ್ಲ ಅಂತ ದಡದ ಉದ್ದಕ್ಕೂ ಬೋರ್ಡು ಹಾಕಿದೀವಿ. ಕೆರೇಲಿ ಇದ್ಯಾಕೆ ಕಮ್ಮಿ ಆಗ್ತಿದೆ ಅಂತ ಆರು ತಿಂಗಳಿಂದ ತಲೆ ಕೆಡಿಸ್ಕೊಂಡಿದ್ದೆ. ಉತ್ತರ ಇವಳ ಜೇಬಲ್ಲಿತ್ತು ನೋಡಿ."

"ಬಲೆ ಹಾಕಿಲ್ಲ ಸಾರ್. ಇದು ಹೊಟ್ಟೆಯಿಂದ ಬಂದಿದ್ದು."

"ಯಾರ ಹೊಟ್ಟೆಯಿಂದ?"

"ಮನೆಅಳಿಯನ..." ಬಾಯಿ ತಪ್ಪಿತು. "ಟ್ರೌಟಿನ ಹೊಟ್ಟೆಯಿಂದ ಸಾರ್."

ಮ್ಯಾನೇಜರ್ ಹೊಟ್ಟೆ ಹಿಡಿದುಕೊಂಡು ನಕ್ಕ.

ಟ್ರೌಟಿಗೆ ಆ ಹೆಸರಿಟ್ಟವಳು ಅವಳ ಅತ್ತೆ. ಹನ್ನೆರಡು ವರ್ಷದ ಹಿಂದೆ ದೂರದಿಂದ ಲಾರಿಯಲ್ಲಿ, ಟ್ಯಾಂಕಿನೊಳಗೆ ಗಾಳಿ ಊದಿಸಿಕೊಳ್ಳುತ್ತ ಬಂದ ಮರಿಗಳನ್ನು ದೊಡ್ಡವರೆಲ್ಲ ಸಾಲಾಗಿ ನಿಂತು ಕೆರೆಗೆ ಬಿಟ್ಟಿದ್ದರು. ಚಪ್ಪಾಳೆ ಬಿದ್ದಿತ್ತು. "ಕರ್ಕೊಂಡು ಬಂದ್ರಲ್ಲ ಮನೆಅಳಿಯನ್ನ," ಎಂದಿದ್ದಳು ಅತ್ತೆ, "ಇನ್ನು ಉಣ್ಣೋದು ಅವನು, ಎಂಜಲು ಬಳಿಯೋದು ನಾವು." ಎಲ್ಲರೂ ನಕ್ಕಿದ್ದರು. ಎರಡು ವರ್ಷಕ್ಕೆ ದಡದ ಮೇಲೆ ಲಾಡ್ಜು ಎದ್ದಿತು. ಗಾಳ ಹಿಡಿದ ಗೆಸ್ಟುಗಳು ಬಂದರು. ಬಲೆಗೆ ಸಿಕ್ಕಿ ಟ್ರೌಟಿನ ಮೈ ತರಚುತ್ತದೆ ಎಂದು ಬಲೆ ನಿಷೇಧವಾಯಿತು. ದೋಣಿಗಳು ಮಗುಚಿ ಮಲಗಿದವು. ಬಲೆ ಎಳೆಯುತ್ತಿದ್ದ ಹೆಂಗಸರು ಶೆಡ್ಡು ಸೇರಿದರು. ಅವಳ ಮೈದುನ ಸೀಟಿ, ಟೋಪಿ ಹಾಕಿಕೊಂಡು ಲಾಡ್ಜಿನ ಗಾರ್ಡ್ ಆದ.

ಟ್ರೌಟಿನ ಹೊಟ್ಟೆ ಸೀಳಿದರೆ ಒಳಗೆ ಮೊದಲಿಂದಲೂ ಕೆರೆಯಲ್ಲಿದ್ದ ಕಡ್ಡಿಮೀನು ಇರುತ್ತಿತ್ತು. ಆಗಷ್ಟೇ ನುಂಗಿದ್ದಾದರೆ ಇಡಿಯಾಗಿ, ಕಣ್ಣು ಸಮೇತ. ಹೇಗೂ ಕಸದ ಗುಂಡಿಗೆ ಹೋಗುವ ಮಾಲು. ಹೆಂಗಸರು ಗಟ್ಟಿಯಿದ್ದವನ್ನು ಆರಿಸಿ, ಮೂರು ನೀರಿನಲ್ಲಿ ತೊಳೆದು ಮನೆಗೆ ಒಯ್ಯುತ್ತಿದ್ದರು. ಹಲ್ಲಿಲ್ಲದ ಅತ್ತೆ ಅದನ್ನು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದಳು. "ಕಳ್ಳನ ಹೊಟ್ಟೆ ಬಗೆದು ನಮ್ಮದನ್ನ ನಾವು ತಗೊಂಡ್ರೆ ಯಾವ ಪಾಪಾನೂ ಇಲ್ಲ ಕಣೇ."

ಹೋದ ವರ್ಷ ಒಂದೊಂದು ಹೊಟ್ಟೆಯಲ್ಲಿ ಐದಾರು. ಇವತ್ತು ಅರವತ್ತು ಹೊಟ್ಟೆಗೆ ಹನ್ನೊಂದು. ಇದನ್ನು ಯಾರಿಗಾದರೂ ತೋರಿಸಬೇಕೆಂದು ಶೆಡ್ಡಿನ ಒಬ್ಬಳಿಗೂ ಹೊಳೆದಿರಲಿಲ್ಲ. ಕೆರೆಯನ್ನು ಬರಿದು ಮಾಡಿದವರು ಯಾರು ಎಂಬುದಕ್ಕಿದ್ದ ಸಾಕ್ಷಿಯನ್ನೆಲ್ಲ ಅವರು ದಿನಾ ಉಪ್ಪು ಹಾಕಿ ಬೇಯಿಸಿ ತಿಂದುಬಿಟ್ಟಿದ್ದರು.

"ಮ್ಯಾನೇಜರ್ ಸಾರ್‌ಗೆ ಗೊತ್ತು," ಎಂದಳು ಅವಳು. ದನಿ ಪಕ್ಕದವರಿಗಷ್ಟೇ ಕೇಳಿಸುವಷ್ಟಿತ್ತು. "ಹೋದ ತಿಂಗಳು ಇವರೇ ಶೆಡ್ಡಲ್ಲಿ ನಿಂತು ನೋಡಿದಾರೆ. ಬೇಗ ಗುಂಡಿಗೆ ಹಾಕು, ಗೆಸ್ಟುಗಳು ನೋಡಿದ್ರೆ ಹೇಸ್ಕೋತಾರೆ ಅಂದ್ರು."

"ಯಾವಾಗ್ ನೋಡ್ದೆ ನಾನು? ನಾಲಿಗೆ ಸೀಳ್ಬಿಡ್ತೀನಿ ಬೋಸುಡಿ!"

ಸಾಹೇಬರು ಕೈಯೆತ್ತಿ ತಡೆದರು. ಅವರದು ಮೆತ್ತನೆಯ ಮಾತು. "ನೋಡಮ್ಮ, ಟ್ರೌಟು ಹುಳ ತಿನ್ನುತ್ತೆ, ನಾವು ಹಾಕೋ ಮೇವಿನ ಗುಳಿಗೆ ತಿನ್ನುತ್ತೆ. ನಮ್ಮ ವರದೀಲೇ ಬರೆದಿದೆ. ನೀನು ಅದಕ್ಕಿಂತ ಹೆಚ್ಚು ಓದಿದೀಯಾ? ಕದ್ದು ಬಲೆ ಬೀಸಿದ್ದೀನಿ ಅಂತ ಇಲ್ಲೊಂದು ಸಹಿ ಹಾಕು. ಜೈಲು ಗೀಲು ಏನಿಲ್ಲ. ದಡದ ಸಾಲು ಮನೆ ಖಾಲಿ ಮಾಡಿಸ್ತೀವಿ, ಅಷ್ಟೇ."

"ಸಾಲು ಅಂದ್ರೆ?"

"ಹದಿನಾಲ್ಕೂ. ದಡದಲ್ಲಿದ್ರೆ ತಾನೇ ಕದಿಯೋದು?"

ಮ್ಯಾನೇಜರ್ ಕೆರೆಯ ಕಡೆ ಮುಖ ತಿರುಗಿಸಿಕೊಂಡ. ಆ ಸಾಲಿನ ಜಾಗದಲ್ಲಿ ಗೆಸ್ಟುಗಳಿಗೆ ಕಾಟೇಜು ಕಟ್ಟುವ ನಕ್ಷೆ ಶೆಡ್ಡಿನ ಪಕ್ಕದ ಅವನ ಆಫೀಸಿನ ಗೋಡೆಗೆ ಅಂಟಿ ವರ್ಷವಾಗಿತ್ತು. ಧೂಳು ಒರೆಸುವಾಗ ಅವಳೇ ನೋಡಿದ್ದಳು. ಅವಳ ಮನೆಯ ಮೇಲೆ, ಅತ್ತೆಯ ಮಂಚ ಇರುವ ಜಾಗಕ್ಕೆ ಸರಿಯಾಗಿ, ಈಜುಕೊಳವೊಂದನ್ನು ನೀಲಿಯಾಗಿ ಬಳಿದಿದ್ದರು.

"ಏಯ್ ಗಾರ್ಡ್, ಹಿಡ್ಕೊಳ್ಳೋ ಇವಳನ್ನ."

ಮೈದುನ ಬಂದ. ತೋಳು ಮುಟ್ಟಲಾರದೆ ಪಕ್ಕದಲ್ಲಿ ನಿಂತ. "ಸಹಿ ಹಾಕ್ಬಿಡಿ ಅತ್ತಿಗೆ. ದೊಡ್ಡೋರ ಹತ್ರ ಯಾಕೆ."

"ನಿನ್ ಮನೇನೂ ಅದೇ ಸಾಲಲ್ಲಿದೆ ಅಲ್ವೇನೋ?"

ಅವನು ಬೂಟಿನ ತುದಿ ನೋಡಿಕೊಂಡ. "ನಂಗೆ ಕ್ವಾರ್ಟರ್ಸ್ ಕೊಡ್ತಾರಂತೆ."

"ನಿಮ್ಮಮ್ಮಂಗೆ?"

ಅವನು ಟೋಪಿ ಸರಿಮಾಡಿಕೊಂಡ.

ಹಲಗೆಯ ಮೇಲಿದ್ದ ಚಾಕನ್ನು ಅವಳು ಎತ್ತಿಕೊಂಡಳು. ಮ್ಯಾನೇಜರ್ ಎರಡು ಹೆಜ್ಜೆ ಹಿಂದೆ ಸರಿದ.

"ನಿಮ್ಮನ್ನಲ್ಲ ಸಾರ್, ಹೆದರ್ಬೇಡಿ. ಒಂದು ಮೀನು ಕೊಯ್ದು ತೋರಿಸ್ತೀನಿ. ಸಾಹೇಬ್ರು ಕಣ್ಣಾರೆ ನೋಡ್ಲಿ."

ಶೆಡ್ಡಿನಲ್ಲಿ ಕೊಯ್ಯದ ಮೀನು ಒಂದೂ ಉಳಿದಿರಲಿಲ್ಲ. ಇಡೀ ಮೀನು ಇದ್ದದ್ದು ಮುಂದಿನ ಹುಲ್ಲುಹಾಸಿನಲ್ಲಿ, ಇವತ್ತಿನ ಗಾಳದ ಪಂದ್ಯದ ಮೇಜಿನ ಮೇಲೆ. ತೂಕಕ್ಕೆಂದು ಐಸಿನ ಮೇಲೆ ಸಾಲಾಗಿ ಮಲಗಿಸಿದ ಹನ್ನೊಂದು ಟ್ರೌಟು, ಪಕ್ಕದಲ್ಲಿ ತಕ್ಕಡಿ, ಗೆದ್ದವರಿಗೆ ಕೊಡಲು ಹೊಳೆಯುವ ಟ್ರೋಫಿ.

"ಅದನ್ನೇನಾದ್ರೂ ಮುಟ್ಟಿದ್ರೆ ಕೈ ಕಡೀತೀನಿ!"

ಮ್ಯಾನೇಜರ್ ಕೂಗುವಷ್ಟರಲ್ಲಿ ಅವಳು ಲಾಡ್ಜಿನ ಮೂಲೆ ದಾಟಿಯಾಗಿತ್ತು. ಶೆಡ್ಡಿನವರು ಮುಂಭಾಗಕ್ಕೆ ಬರಕೂಡದು, ನಾತ ಬರುತ್ತದೆ ಎಂಬ ನಿಯಮವಿತ್ತು. ಹತ್ತು ವರ್ಷದಲ್ಲಿ ಒಮ್ಮೆಯೂ ಅವಳು ಆ ಹುಲ್ಲು ತುಳಿದಿರಲಿಲ್ಲ. ಗ್ಲಾಸು ಹಿಡಿದ ಗೆಸ್ಟುಗಳು ಮೂಗು ಮುಚ್ಚಿಕೊಂಡು ದಾರಿ ಬಿಟ್ಟರು.

ಎಲ್ಲಕ್ಕಿಂತ ದೊಡ್ಡದನ್ನು ಎಳೆದುಕೊಂಡಳು. ಬಾಲದ ಕಡೆಯಿಂದ ಕಿವಿರಿನವರೆಗೆ ಒಂದೇ ಗೀರು. ಆ ಒಂದು ಕೆಲಸದಲ್ಲಿ ಮಾತ್ರ ಅವಳ ಕೈ ಯಾವತ್ತೂ ಅಳುಕಿದ್ದಿಲ್ಲ. ಬಿಳಿ ಬಟ್ಟೆಯ ಮೇಲೆ ಕರುಳು ಜಾರಿತು. ಉಬ್ಬಿದ ಜಠರವನ್ನು ಬೇರೆ ಮಾಡಿ, ಸಾಹೇಬರು ಏದುಸಿರು ಬಿಡುತ್ತ ಹತ್ತಿರ ಬರುವವರೆಗೂ ಕಾದು ಸೀಳಿದಳು.

ನಾಲ್ಕು ಮರಿ ಹೊರಬಿದ್ದವು.

ಬೆಳ್ಳಗಿರಲಿಲ್ಲ. ಬೆರಳಿನಿಂದ ಲೋಳೆ ಒರೆಸಿದಳು. ಮೈತುಂಬ ಚುಕ್ಕಿ. ಟ್ರೌಟಿನ ಮರಿಗಳೇ.

ಶೆಡ್ಡಿಗೆ ಬರುವ ಸಣ್ಣ ಟ್ರೌಟಿನ ಹೊಟ್ಟೆಯಲ್ಲಿ ಇಂಥದ್ದನ್ನು ಅವಳು ಕಂಡಿರಲಿಲ್ಲ. ಎರಡನೆಯದನ್ನು ಎಳೆದು ಸೀಳಿದಳು. ಚುಕ್ಕಿ ಮರಿ ಮೂರು, ಜೊತೆಗೊಂದು ಬೆಣಚುಕಲ್ಲು.

"ಎಲ್ಲೇ ನಿನ್ ಕಡ್ಡಿಮೀನು?" ಮ್ಯಾನೇಜರ್ ಕೂಗಿದ. "ನೋಡಿದ್ರಾ ಸಾರ್? ಒಂದಾದ್ರೂ ಇದೆಯಾ?"

ಸಾಹೇಬರು ಮೇಜಿನ ಮೇಲಿನ ಏಳು ಮರಿಗಳನ್ನೇ ನೋಡುತ್ತಿದ್ದರು. ಅವರ ಹಣೆಯಲ್ಲಿ ಬೆವರೊಡೆದಿತ್ತು. ಹೆಂಗಸೊಬ್ಬಳು ಗ್ಲಾಸು ಕೆಳಗಿಟ್ಟು ಬಾಯಿಗೆ ಕರವಸ್ತ್ರ ಒತ್ತಿಕೊಂಡಳು.

ಶೆಡ್ಡಿನ ಬಾಗಿಲಲ್ಲಿ ಮಣ್ಣಿಗೆ ಬಿದ್ದ ಚೀಲ ಅವಳಿಗೆ ನೆನಪಾಯಿತು. ಆ ಹನ್ನೊಂದೂ ಸತ್ತ ಮೀನೇ. ಕೆರೆಯಲ್ಲಿ ಇನ್ನೆಷ್ಟಿವೆಯೋ, ಇವೆಯೋ ಇಲ್ಲವೋ.

"ಮುಗೀತು ಸಾರ್," ಎಂದಳು. ಈ ಸಲ ದನಿ ಕೊನೆಯ ಕುರ್ಚಿಯವರೆಗೂ ಕೇಳಿಸಿತು. "ನಮ್ಮ ಕಡ್ಡಿಮೀನು ಮುಗೀತು. ಈಗ ಟ್ರೌಟುಗಳು ತಮ್ಮ ಮರೀನೇ ತಿಂತಿದಾವೆ. ಗುಳಿಗೆ ಎಲ್ಲಿದೆ ಹುಡುಕಿ ತೋರಿಸಿ, ನಿಮ್ಮ ವರದೀಲಿದೆಯಲ್ಲ?" ಸಾಹೇಬರ ಕೈಯಲ್ಲಿದ್ದ ಕಾಗದ ಕಿತ್ತುಕೊಂಡು ಅದರ ಮೇಲೆ ಏಳೂ ಮರಿಗಳನ್ನು ಸುರಿದಳು. "ಕೆರೆ ಬರಿದು ಮಾಡಿದ್ದು ಈ ಮನೆಅಳಿಯ. ಸಹಿ ಇವನ ಹತ್ರ ಹಾಕಿಸ್ಕೊಳ್ಳಿ."

"ಬೋಳಿಮಗನೆ, ನೋಡ್ತಾ ನಿಂತಿದ್ದೀಯೇನೋ? ಎಳ್ಕೊಂಡ್ ಹೋಗೋ ಇವಳನ್ನ!"

ಮೈದುನ ಓಡಿಬಂದು ಚಾಕಿದ್ದ ಕೈಯ ಮಣಿಕಟ್ಟು ಹಿಡಿದ. ಅವನ ಉಸಿರು ಅವಳ ಕಿವಿಗೆ ತಾಗುತ್ತಿತ್ತು. "ಬಿಡಿ ಅತ್ತಿಗೆ, ಕೈ ಮುಗೀತೀನಿ, ಸಾಕು ಬಿಡಿ."

"ಹಿಡ್ಕೊಂಡಿರೋನು ನೀನು ಕಣೋ."

ಅವನ ಹಿಡಿತ ಸಡಿಲವಾಗಲಿಲ್ಲ, ಬಿಗಿಯೂ ಆಗಲಿಲ್ಲ. ಐಸಿನ ಮೇಲೆ ಇನ್ನೂ ಒಂಬತ್ತಿದ್ದವು. ಅವಳು ಎಡಗೈಯಲ್ಲಿ ಮೂರನೆಯದರ ಕಿವಿರಿಗೆ ಬೆರಳು ತೂರಿಸಿ ಹತ್ತಿರ ಎಳೆದಳು; ಅವನ ಕೈಯನ್ನೂ ತನ್ನ ಕೈಯ ಜೊತೆಗೇ ಎಳೆದುಕೊಂಡು ಅದರ ಹೊಟ್ಟೆಗೆ ಚಾಕು ಇಟ್ಟಳು.