ಹುಲ್ಲು ತುಳಿಯುವ ಬುಧವಾರ

ಮಾನ್ವಿಯಲ್ಲಿ ಪೀರಾ ಸಾಬರ ಬಾಡಿಗೆ ಶಾಮಿಯಾನದ ಕೆಳಗೆ ಕೂತು ಉಣ್ಣದವರು ಯಾರಾದರೂ ಇದ್ದರೆ ಅವರು ಆ ಊರಿನವರೇ ಅಲ್ಲ ಎನ್ನಬೇಕು. ಮದುವೆ, ಮುಂಜಿ, ಉರುಸು, ಮಠದ ಆರಾಧನೆ, ಪಕ್ಷದವರ ಸಭೆ, ಯಾವುದಕ್ಕೂ ಅವರು ಇಲ್ಲ ಎಂದವರಲ್ಲ. ಹೀಗೆ ಊರಿಗೆಲ್ಲ ನೆರಳು ಹಂಚಿದ ಮನುಷ್ಯನಿಗೆ ಸಕ್ಕರೆ ಕಾಯಿಲೆ ಮಾತ್ರ ಎಳ್ಳಷ್ಟೂ ಮುಲಾಜು ತೋರಿಸಲಿಲ್ಲ. ಮೊದಲು ಕಣ್ಣಿಗೆ ಬಂತು. ಈಗ ಅವರಿಗೆ ಕಾಣುವುದೆಂದರೆ ಬೆಳಕು, ನೆರಳು, ಒಂದಿಷ್ಟು ಬಣ್ಣ, ಅಷ್ಟೇ. ಆಮೇಲೆ ಪಾದಕ್ಕೆ ಇಳಿಯಿತು. ಬೆಂಕಿ ತುಳಿದರೂ ಗೊತ್ತಾಗದಷ್ಟು ಎರಡೂ ಪಾದ ಜೋಮು ಹಿಡಿದವು. ಹೊಸ ಚಪ್ಪಲಿ ಕಚ್ಚಿದ್ದೊಂದು ನೆಪ, ಬಲಗಾಲಿನ ಬೆರಳು ಕಪ್ಪಾಗಿ, ಆ ಕಪ್ಪು ಮೇಲೆ ಮೇಲೆ ಏರಿ, ಕೊನೆಗೆ ರಾಯಚೂರಿನ ಡಾಕ್ಟರು ಶುಕ್ರವಾರ ಪಾದ ತೆಗೆಯೋಣ ಎಂದರು. ಮದುವೆ ಮುಗಿದ ಮೇಲೆ ಶಾಮಿಯಾನ ತೆಗೆಯೋಣ ಎಂದಷ್ಟೇ ಸಲೀಸಾಗಿ ಅಂದರು.

ಪೀರಾ ಸಾಬ್ ಅಳಲಿಲ್ಲ. "ಶುಕ್ರವಾರದಕಿಂತ ಮೊದಲ ಬುಧವಾರ ಬರ್ತದಲ್ರೀ?" ಎಂದು ಕೇಳಿದರು.

"ಯಾವಾಗ್ಲೂ ಮೊದಲೇ ಬರ್ತದ" ಎಂದು ಡಾಕ್ಟರು ನಕ್ಕರು. ಪಕ್ಕದಲ್ಲಿ ನಿಂತಿದ್ದ ಮಗ ಹಫೀಜ್ ನಗಲಿಲ್ಲ. ಅಪ್ಪ ಕೇಳಿದ್ದು ಯಾವ ಬುಧವಾರ ಎಂದು ಅವನಿಗೆ ಗೊತ್ತಿತ್ತು.

ಸಫರ್ ತಿಂಗಳ ಕೊನೆಯ ಬುಧವಾರ. ಪ್ರವಾದಿಯವರು ಕಾಯಿಲೆಯಿಂದ ತುಸು ಚೇತರಿಸಿಕೊಂಡು ಹೊರಗೆ ಬಂದ ದಿನ ಅದು ಎಂದು ಈ ಕಡೆಯ ಹಿರಿಯರ ನಂಬಿಕೆ. ಅವತ್ತು ಮನೆಮಂದಿಯೆಲ್ಲ ತೋಟಕ್ಕೋ ಹೊಲಕ್ಕೋ ಹೋಗಿ, ಬರಿಗಾಲಲ್ಲಿ ಹಸಿರು ಹುಲ್ಲು ತುಳಿದು, ಅಲ್ಲೇ ಬುತ್ತಿ ಬಿಚ್ಚಿ ಉಂಡು ಬರಬೇಕು. ತುಳಿದವರ ಬೇನೆ ಹುಲ್ಲಿಗೆ ಇಳಿಯುತ್ತದಂತೆ. ಇದೆಲ್ಲ ಕಿತಾಬಿನಲ್ಲಿ ಇಲ್ಲ ಎಂದು ಹೊಸ ಮೌಲ್ವಿಗಳು ಹೇಳುತ್ತಾರೆ. ಇರಲಿಕ್ಕಿಲ್ಲ. ಹಫೀಜನ ತಾಯಿ ಹಾಜಿರಾ ಬೀ ಆ ದಿನ ಕರಿಯುವ ಸಿಹಿ ಗುಲಗುಲೆಯೂ ಕಿತಾಬಿನಲ್ಲಿ ಇಲ್ಲ, ಹಾಗಂತ ಯಾರೂ ಬೇಡ ಎಂದದ್ದನ್ನು ಹಫೀಜ್ ಕಂಡಿಲ್ಲ.

ಮನೆಯಲ್ಲಿ ದಖ್ಖನಿ ಮಾತಾಡುವ ಪೀರಾ ಸಾಬ್ ಮನಸ್ಸಿಗೆ ತೀರಾ ಹತ್ತಿರದ ಮಾತಿದ್ದರೆ ಕನ್ನಡಕ್ಕೆ ಇಳಿಯುತ್ತಿದ್ದರು. ಬಾಲ್ಯವೆಲ್ಲ ಪೋತ್ನಾಳದ ಗೆಳೆಯರ ಜೊತೆ ಕಳೆದದ್ದರ ಫಲ ಅದು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅಂದರು, "ಈ ಕಾಲು ಹುಟ್ಟಿದಾಗಿಂದ ನನ್ನ ಜೋಡಿ ಅದ. ಹೋಗೂದ ಹೋಗತದ, ಬರಿ ಕೈಲೆ ಕಳಸಬಾರ್ದು. ಒಮ್ಮೆ ಹುಲ್ಲು ತುಳಿಸಿ ಕಳಸ್ತೀನಿ."

ಮಗನನ್ನು ಬದಿಗೆ ಕರೆದು ಡಾಕ್ಟರು ಬೇರೆಯೇ ಮಾತು ಹೇಳಿದ್ದರು. ಪಟ್ಟಿ ಕಟ್ಟಿದ ಪಾದಕ್ಕೆ ಮಣ್ಣು, ಕೆಸರು ಏನೂ ತಾಗಕೂಡದು. ನಂಜು ಏರಿದರೆ ಪಾದವಲ್ಲ, ತೊಡೆಯ ತನಕ ಕತ್ತರಿಸಬೇಕಾಗುತ್ತದೆ. ಜೀವಕ್ಕೂ ಸಂಚಕಾರ. ಈ ಮಾತನ್ನು ಹಫೀಜ್ ತಾಯಿಗೆ ಹೇಳಿದ. ಅಪ್ಪನಿಗೆ ಹೇಳಲು ಬಾಯಿ ಬರಲಿಲ್ಲ.

ವರ್ಷವೂ ಅವರು ಹೋಗುತ್ತಿದ್ದದ್ದು ಹಿರೇಕೊಟ್ನೆಕಲ್ಲಿನ ಹೊಲಗಳಿಗೆ. ಅಲ್ಲಿ ಈಗ ಭತ್ತದ ಗದ್ದೆ, ಎಲ್ಲಿ ಕಾಲಿಟ್ಟರೂ ಕೆಸರು. ಆಗ ಹಫೀಜನಿಗೆ ನೆನಪಾದದ್ದು ದೇವದುರ್ಗದ ಕಡೆ, ಮಸರಕಲ್ ದಾಟಿದ ಮೇಲೆ ಸಿಗುವ ನವಿಲುಗುಡ್ಡದ ಕೆರೆ. ಅದರ ದಂಡೆಯಲ್ಲಿ ಹೊಸದಾಗಿ ಡೇರೆ ಹಾಕಿ ಪ್ಯಾಟಿ ಮಂದಿಯನ್ನು ಉಳಿಸಿಕೊಳ್ಳುತ್ತಿದ್ದರು. ಅಲ್ಲಿನ ಉಸ್ತುವಾರಿ ವೆಂಕೋಬ, ಪೀರಾ ಸಾಬರ ಹತ್ತಿರ ಮೊದಲು ಗೂಟ ಹೊಡೆದು ಪಳಗಿದವನು. ಫೋನು ಮಾಡಿದರೆ, "ವಾರದ ನಡುವ ಯಾರೂ ಇರಂಗಿಲ್ಲ, ಸಾಹೇಬ್ರನ್ನ ಕರಕೊಂಡು ಬರ್ರಿ. ಕೆರಿ ತುಂಬ್ಯಾದ, ದಂಡಿ ಎಲ್ಲಾ ಹಸರಾಗ್ಯಾದ" ಎಂದ.

ಮಂಗಳವಾರ ಹೊತ್ತು ಇಳಿಯುವಾಗ ಅವರ ವ್ಯಾನು ಅಲ್ಲಿ ನಿಂತಿತು. ಒಂದರ ಮೇಲೊಂದು ಕೂತ ಬಂಡೆಗಳ ಗುಡ್ಡ, ಅದರ ಮಗ್ಗುಲಿಗೆ ಬೇವು, ಮುತ್ತುಗ, ಕಕ್ಕೆ, ಜಾಲಿಯ ಅಡವಿ, ಅಡವಿ ಮುಗಿದಲ್ಲಿ ನೀರು. ಸಂಜೆಯ ಬೆಳಕಿಗೆ ಬಂಡೆಗಳು ಕೆಂಪಾಗಿ ನೀರಲ್ಲೂ ಕೆಂಪಾಗಿ ಕಾಣುತ್ತಿದ್ದವು. ಅಡವಿಯೊಳಗೆ ನವಿಲು ಕೂಗಿತು. ಇಂಥ ಚೆಲುವು ನಮ್ಮ ಜಿಲ್ಲೆಯಲ್ಲಿದೆ ಎಂದರೆ ಹೊರಗಿನವರು ನಂಬುವುದಿಲ್ಲ. ಒಳಗಿನವರು ಎದ್ದು ಹೋಗಿ ನೋಡುವುದಿಲ್ಲ. ಹಾಜಿರಾ ಬೀ ವ್ಯಾನಿನಿಂದ ಇಳಿದವರೇ ಸೆರಗು ಬಾಯಿಗೆ ಒತ್ತಿಕೊಂಡರು. ಗಂಡನಿಗೆ ಕಾಣದ್ದನ್ನು ತಾವೊಬ್ಬರೇ ನೋಡುತ್ತಿದ್ದೇವೆಂಬ ಸಂಕಟ ಅವರದು.

ಪೀರಾ ಸಾಬ್ ಮಾತ್ರ ಬಂದ ಕೂಡಲೇ ಡೇರೆಯ ಪರೀಕ್ಷೆಗೆ ನಿಂತರು. ಬಟ್ಟೆ ಹಿಸುಕಿದರು, ಕಡ್ಡಿ ಬಗ್ಗಿಸಿದರು.

"ವೆಂಕೋಬ, ಇದು ಡೇರೆನೋ, ಸೊಳ್ಳಿ ಪರದಿನೋ?"

"ಹೊಸಾ ನಮೂನಿ ರೀ ಸಾಹೇಬ್ರ. ಗೂಟ, ಬಂಬು ಏನೂ ಬ್ಯಾಡ."

"ಗೂಟಿಲ್ಲದ್ದು ಡೇರೆ ಹೆಂಗಾತದಲೇ? ಗಾಳಿ ಬಂದ್ರ ಕೆರಿ ದಾಟಿ ಹೋಗಿ ನಿಂದ್ರತದ" ಎಂದು ಪೀರಾ ಸಾಬ್ ನಕ್ಕರು. ಎಷ್ಟೋ ದಿನದ ಮೇಲೆ ಅಪ್ಪ ನಕ್ಕದ್ದು ಕೇಳಿ ಹಫೀಜನಿಗೆ ಬಂದದ್ದು ಸಾರ್ಥಕ ಅನಿಸಿತು.

ಆದರೆ ಆಮೇಲೆ ಅವನು ನೆಲ ನೋಡಿದ. ಡೇರೆಗಳ ಸುತ್ತ ಗರಸು ಕಲ್ಲು ಹಾಕಿ ಗಟ್ಟಿ ಮಾಡಿದ್ದರು. ಒಂದು ಎಸಳು ಹುಲ್ಲಿರಲಿಲ್ಲ. ವೆಂಕೋಬ ಹೇಳಿದ ಹಸಿರು ಇದ್ದದ್ದು ನೀರಿನ ಅಂಚಿಗೆ. ಅಲ್ಲಿಗೆ ಹೋಗಿ ನೋಡಿದರೆ ಎಮ್ಮೆ ತುಳಿದ ರೊಜ್ಜು ಕೆಸರು, ಸೆಗಣಿ, ಮೇಲೆ ಜಾಲಿ ಗಿಡಗಳು. ಕೆಟ್ಟ ಪಾದ ಅಲ್ಲಿ ಇಟ್ಟರೆ ಡಾಕ್ಟರ ಮಾತು ನಿಜವಾಗುವುದರಲ್ಲಿ ಅನುಮಾನವಿರಲಿಲ್ಲ. ತೆಪ್ಪಗೆ ತಿರುಗಿ ಬಂದ. ರೊಟ್ಟಿ ಉಂಡು ಮಲಗುವ ಮುಂಚೆ ವ್ಯಾನಿನಿಂದ ಹಾಸಿಗೆ ಇಳಿಸುವಾಗ ಅದರ ಕೆಳಗೆ ಸುತ್ತಿಟ್ಟ ಹಸಿರು ಚಾಪೆ ಕಣ್ಣಿಗೆ ಬಿತ್ತು. ಮದುವೆಯ ಸ್ಟೇಜಿನ ಮುಂದೆ ಹಾಸುವ, ಪ್ಲಾಸ್ಟಿಕ್ ಹುಲ್ಲಿನ ಚಾಪೆ. ಕೂತು ಉಣ್ಣಲು ಆದೀತೆಂದು ತಂದದ್ದು.

ಅಪ್ಪನ ಕಣ್ಣಿಗೆ ಹಸಿರು ಬಣ್ಣ ಕಂಡರೆ ಸಾಕು. ಪಾದಕ್ಕಂತೂ ಏನೂ ತಿಳಿಯದು. ಹೀಗೆ ಲೆಕ್ಕ ಹಾಕಿದ ಹಫೀಜ್ ಕೆಟ್ಟ ಮಗನಲ್ಲ. ಕೆಟ್ಟವನಾಗಿದ್ದರೆ ಇಷ್ಟು ಕಷ್ಟಪಡುತ್ತಿರಲಿಲ್ಲ.

ಬುಧವಾರ ಬೆಳಗಿನ ನಮಾಜು ಮುಗಿಸಿ ಅವನು ಡೇರೆಯ ಮುಂದೆ ಚಾಪೆ ಹಾಸಿದ. ಮಂಜು ಬಿದ್ದ ಹಾಗಿರಲಿ ಎಂದು ಕೈಯಿಂದ ಅಷ್ಟು ನೀರು ಚಿಮುಕಿಸಿದ. ಹಾಜಿರಾ ಬೀ ನೋಡುತ್ತ ನಿಂತಿದ್ದರು.

"ದುವಾದಾಗ ಸುಳ್ಳು ಬೆರಸ್ತೀಯೇನು ಬೇಟಾ?" ಎಂದು ಮೆಲ್ಲಗೆ ಕೇಳಿದರು.

"ಮತ್ತೇನ ಮಾಡ್ಲಿ ಅಮ್ಮಾ? ಪಾದದ ಆಸಿಗಿ ತೊಡಿ ಕಳಕೊಳ್ಳೂದಾ?"

ತಾಯಿ ಒಳಗೆ ಹೋಗಿ ಗಂಡನ ಕೈ ಹಿಡಿದು ಕರೆತಂದರು.

ಪೀರಾ ಸಾಬ್ ಹೊರಗೆ ಬಂದು ಹಸಿರಿನ ಕಡೆ ಮುಖ ಮಾಡಿ ನಿಂತರು. ಚಪ್ಪಲಿ ಬಿಡಿಸಿಕೊಂಡು, ಪಟ್ಟಿ ಕಟ್ಟಿದ ಬಲಗಾಲನ್ನೇ ಮೊದಲು ಇಟ್ಟರು. "ಬಿಸ್ಮಿಲ್ಲಾ" ಎಂದರು. ಹೆಂಡತಿ ಒಂದು ಕಡೆ, ಮಗ ಒಂದು ಕಡೆ. ಒಂದೊಂದು ಹೆಜ್ಜೆಗೂ ತುಟಿ ಅಲುಗುತ್ತಿತ್ತು. ಕಣ್ಣಿಂದ ನೀರು ಇಳಿದು ಗಡ್ಡ ತೋಯಿಸಿತು. "ಭಾಳ ನಡಸೀದಿ, ಭಾಳ ಹೊತ್ತೀದಿ. ಮಾಫ್ ಮಾಡು" ಎಂದು ಅವರು ಕಾಲಿಗೆ ಹೇಳುವುದು ಹಫೀಜನಿಗೆ ಕೇಳಿಸಿತು. ಭೂಮಿ ಬಾಯಿಬಿಟ್ಟರೆ ಇಲ್ಲೇ ಇಳಿದುಹೋಗಬಾರದೇ ಅನಿಸಿತು ಅವನಿಗೆ.

ಪಾದದ ಚಿಂತೆಯಲ್ಲಿ ಹಫೀಜ್ ಒಂದು ಮಾತು ಮರೆತಿದ್ದ. ತುಳಿದಾದ ಮೇಲೆ ಮನೆಯ ಹಿರಿಯ ಎರಡು ಎಸಳು ಹುಲ್ಲು ಕಿತ್ತು ಹೆಂಡತಿಯ ಕೈಗೆ ಕೊಡುವುದು ಅವರ ಮನೆಯ ರೂಢಿ. ಪೀರಾ ಸಾಬ್ ಇದ್ದಕ್ಕಿದ್ದಂತೆ ಬಗ್ಗಿದರು. ತಡೆಯುವಷ್ಟರಲ್ಲಿ ಕೈ ನೆಲಕ್ಕೆ ಮುಟ್ಟಿತ್ತು.

ಪಾದ ಸತ್ತಿತ್ತು, ಕೈ ಸತ್ತಿರಲಿಲ್ಲ. ಅವರು ಎಸಳು ಜಗ್ಗಿದರು, ಅದು ಬರಲಿಲ್ಲ. ಅಂಗೈ ಸವರಿದರು. ಅಂಚಿನ ಹೊಲಿಗೆ ಬೆರಳಿಗೆ ಸಿಕ್ಕಿತು. ಅಲ್ಲೇ ಕೂತುಬಿಟ್ಟರು.

"ಇದು ನಮ್ಮ ಸ್ಟೇಜಿನ ಮಾಲು" ಎಂದರು.

ಹಫೀಜ್ ಅಪ್ಪನ ಮುಂದೆ ಕೂತು, ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದ. ಕೆಸರು, ನಂಜು, ತೊಡೆ, ಜೀವ, ಒಂದೂ ಬಿಡಲಿಲ್ಲ. ಪೀರಾ ಸಾಬ್ ಕೊನೆಯ ತನಕ ಕೇಳಿದರು.

"ಇದನ್ನ ನಿನ್ನೆ ಹೇಳಿದ್ರ ನಾ ಹಟ ಹಿಡೀತಿದ್ದೆನೇನೋ? ನಾ ಏನು ಸಣ್ಣ ಹುಡುಗನಾ? ತುಳಿಯೂದು ಬ್ಯಾಡಂದ್ರ ಬ್ಯಾಡಾಗಿತ್ತು, ಕೆರಿ ದಂಡ್ಯಾಗ ಕುಂತು ಗಾಳಿ ತಗೊಂಡು ಬರ್ತಿದ್ದೆ." ಅವರ ದನಿ ಏರಲಿಲ್ಲ. "ಹೋಗೂ ಕಾಲಿಗಿ ಸುಳ್ಳು ಹೇಳೀದಲ್ಲೋ. ಶುಕ್ರವಾರ ಆದ್ರ ಅದು ಇರಂಗಿಲ್ಲ, ಮಾಫಿ ಕೇಳ್ತೀನಂದ್ರ ಯಾರಿಗಿ ಕೇಳ್ತೀ?"

ಬೈದಿದ್ದರೆ ಹಫೀಜ್ ತಡೆದುಕೊಳ್ಳುತ್ತಿದ್ದ. ಈ ಮಾತಿಗೆ ಅವನು ಗಳಗಳ ಅತ್ತ. ಆಮೇಲೆ ಎದ್ದು ಚಪ್ಪಲಿ ಬಿಟ್ಟ, ಪ್ಯಾಂಟು ಮೊಣಕಾಲಿಗೆ ಮಡಚಿದ, ಅಪ್ಪನನ್ನು ಬೆನ್ನ ಮೇಲೆ ಹೊತ್ತುಕೊಂಡ. ಪೀರಾ ಸಾಬರ ತೂಕ ಎಷ್ಟು ಇಳಿದಿದೆ ಎಂದು ಅವನಿಗೆ ಆಗಲೇ ತಿಳಿದದ್ದು. ವೆಂಕೋಬ ಓಡಿ ಬಂದು ಕೈ ಕೊಟ್ಟ.

ನೀರಿನ ಅಂಚಿನಲ್ಲಿ ರೊಜ್ಜು ತಪ್ಪಿಸಿ, ಹುಲ್ಲು ದಟ್ಟವಾಗಿದ್ದ ಕಡೆ ನಿಂತು ಹಫೀಜ್ ಅಂದ, "ಅಬ್ಬಾ, ನಿಮ್ಮ ಕಾಲು ನೆಲಕ್ಕ ಇಡಬ್ಯಾಡ್ರಿ. ನನ್ನ ಪಾದದ ಮ್ಯಾಲ ಇಡ್ರಿ. ನಾ ತುಳೀತೀನಿ."

ವೆಂಕೋಬ ಸಾಹೇಬರನ್ನು ಬೆನ್ನಿನಿಂದ ಎತ್ತಿ ಹಿಡಿದು, ಹಫೀಜ್ ಹಿಂದೆ ಸರಿದ ಮೇಲೆ ಅವನ ಪಾದಗಳ ಮೇಲೆ ಮೆಲ್ಲಗೆ ಇಳಿಸಿದ. ಹಫೀಜ್ ಹಿಂದಿನಿಂದ ಅಪ್ಪನ ಎದೆ ತಬ್ಬಿ ಹಿಡಿದ. ಪಟ್ಟಿ ಕಟ್ಟಿದ ಪಾದ ಅವನ ಬಲಪಾದದ ಮೇಲೆ, ಇನ್ನೊಂದು ಎಡಪಾದದ ಮೇಲೆ. ಹಾಗೇ ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಹಾಜಿರಾ ಬೀ ಬಗ್ಗಿ ಎರಡು ಎಸಳು ಕಿತ್ತು ಗಂಡನ ಬೆರಳಿಗೆ ಕೊಟ್ಟರು. ಅವರು ಮೂಸಿ ನೋಡಿ ಅದನ್ನು ಹೆಂಡತಿಯ ಕೈಗೆ ತಿರುಗಿ ಇಟ್ಟರು.

"ಹೆಂಗದನೋ ಹುಲ್ಲು? ಖರೇ ಹೇಳು."

"ತಂಪದ ಅಬ್ಬಾ."

"ತಂಪು ಅಂತ ತುಳೀಲಾರ್ದವನೂ ಹೇಳ್ತಾನ."

ಹಫೀಜ್ ಇನ್ನೊಂದು ಹೆಜ್ಜೆ ಇಟ್ಟು "ಆಹ್" ಎಂದು ನಿಂತ.

"ಏನಾತು?"

"ಮುಳ್ಳು. ಜಾಲಿ ಮುಳ್ಳು. ಒಳಗ ಹೋಗ್ಯಾದ."

ಪೀರಾ ಸಾಬರ ಮೈ ಒಮ್ಮೆ ನಡುಗಿತು. ನಗುತ್ತಿದ್ದಾರೋ ಅಳುತ್ತಿದ್ದಾರೋ ಹಿಂದೆ ನಿಂತ ಮಗನಿಗೆ ತಿಳಿಯಲಿಲ್ಲ.

"ನೋಯ್ತದೇನು?"

"ಭಾಳ ನೋಯ್ತದ ಅಬ್ಬಾ."

"ನೋಯಲಿ. ಅಲ್ಲಾಗ ಶುಕರ್ ಹೇಳು" ಎಂದು ಅವರು ತಮ್ಮ ಎದೆ ತಬ್ಬಿದ್ದ ಮಗನ ಕೈಗಳನ್ನು ಎರಡೂ ಕೈಯಿಂದ ಗಟ್ಟಿಯಾಗಿ ಒತ್ತಿ ಹಿಡಿದರು. "ಖರೇ ಹುಲ್ಲು ತುಳದೀವಿ. ಇನ್ನ ತಕ್ಕೋ, ನೆಲಕ್ಕ ಕುಂತು ಮುಳ್ಳು ತಕ್ಕೋ."

ಹಫೀಜ್ ಮುಳ್ಳು ತೆಗೆಯಲಿಲ್ಲ. ಅಪ್ಪನನ್ನು ಪಾದದ ಮೇಲೆ ಹೊತ್ತುಕೊಂಡೇ ಹುಲ್ಲು ಮುಗಿಯುವ ತನಕ ನಡೆದ.