ತೊರೆಯಾಚೆಯ ಉತ್ತರ

ನಮ್ಮ ಭಾವನ ಕೈಯಲ್ಲಿ ಖಾಲಿ ಚೀಲ ಕಂಡರೂ ನನಗೆ ಅನುಮಾನ. ಅಕ್ಕನನ್ನು ಮದುವೆಯಾಗುವ ಮೊದಲು ಹಾಡುಹಕ್ಕಿ ಹಿಡಿದು, ಪಂಜರದಲ್ಲಿಟ್ಟು ಮಾರುತ್ತಿದ್ದ ಮನುಷ್ಯ. ಈಗ ಅದೇ ಕಾಡಿಗೆ ಕಾವಲುಗಾರ! “ಅವ್ರು ಬದಲಾಗಿದಾರೆ ಕಣೇ” ಅನ್ನುತ್ತಾಳೆ ಅಕ್ಕ. ಹೆಂಡತಿ ತಾನೇ, ಇನ್ನೇನಂದಾಳು.

ನಾನು ಹಕ್ಕಿಗಳ ಸಮೀಕ್ಷೆ ಮಾಡುವವಳು. ಆಗ ಹುಡುಕುತ್ತಿದ್ದುದು ಕೆಂಗೊರಳವನ್ನು. ಮುಷ್ಟಿಯಷ್ಟು ಹಕ್ಕಿ, ಹಾಡಿದರೆ ಮಾತ್ರ ಕಾಡೆಲ್ಲ ಕೇಳಬೇಕು. ಈ ಸಲ ಗೂಡು ಕಟ್ಟುವ ಕಾಲದಲ್ಲೂ ಅದರ ಸುಳಿವು ಸಿಗದಿದ್ದರೆ ‘ಅಳಿವಿನಂಚಿನಲ್ಲಿದೆ’ ಎಂಬುದನ್ನು ತೆಗೆದು ‘ಅಳಿದಿದೆ’ ಎಂದು ಸಾರಲು ನಮ್ಮ ಸಂಸ್ಥೆ ತಯಾರಾಗಿತ್ತು. ಅಲ್ಲಿಗೆ ಹುಡುಕಾಟವೂ ಮುಗಿದಂತೆ.

ದಿನಾ ಬೆಳಗಿನ ಜಾವ ತೊರೆಯ ಪಕ್ಕ ಕೂತು, ಅದರ ಹಳೆಯ ಧ್ವನಿಮುದ್ರಣವನ್ನು ಪುಟ್ಟ ಸ್ಪೀಕರಿನಲ್ಲಿ ಹಾಕುತ್ತಿದ್ದೆ. ತನ್ನ ಜಾಗದಲ್ಲಿ ಇನ್ನೊಂದರ ದನಿ ಕೇಳಿದರೆ ಗಂಡುಹಕ್ಕಿ ಮೈಯೆಲ್ಲ ಉರಿದು ಉತ್ತರ ಕೊಡುತ್ತದೆ. ನಾನು ಕೂರುವ ಜಾಗವನ್ನು ಭಾವನಿಗೆ ಹೇಳಿರಲಿಲ್ಲ. ಹೇಳಿ ಕೆಡುವುದೇಕೆ?

ಒಂದು ದಿನ ತೊರೆಯಾಚೆಯಿಂದ ಉತ್ತರ ಬಂತು. ಅದೇ ಮೂರು ಸ್ವರ, ಕೊನೆಯದನ್ನು ಎಳೆದು. ನಾನು ಅತ್ತೇಬಿಟ್ಟೆ. ‘ಇದೆ’ ಎಂದು ಸಂಸ್ಥೆಗೆ ಫೋನ್ ಮಾಡಿಯೂ ಆಯಿತು.

ಮರುದಿನವೇ ಭಾವ ಚೀಲ ಹೆಗಲಿಗೇರಿಸಿ ತೊರೆ ದಾಟಿ ಬರುವುದು ಕಣ್ಣಿಗೆ ಬಿತ್ತು. ಎಲ್ಲಿಗೆ ಹೋಗಿದ್ದಿರಿ ಎಂದರೆ, “ಸುಮ್ನೆ, ಹಾಗೇ ಒಂದು ಸುತ್ತು.” ಸುಮ್ಮನೆ ಸುತ್ತುವವರು ಹೀಗೆ ಕಳ್ಳಹೆಜ್ಜೆ ಇಡುತ್ತಾರೆಯೇ?

ಮಾರನೆಯ ಬೆಳಿಗ್ಗೆ ಸ್ಪೀಕರನ್ನು ಬಂಡೆಯ ಮೇಲೆ ಹಾಡಲು ಬಿಟ್ಟು, ನಾನೇ ತೊರೆ ದಾಟಿದೆ. ಪೊದೆಯ ಹಿಂದೆ ಭಾವ ಕುಕ್ಕರಗಾಲಲ್ಲಿ ಕೂತಿದ್ದರು. ಅವರ ಪಕ್ಕದ ಚೀಲದೊಳಗೇ ಕೆಂಗೊರಳ ಹಾಡುತ್ತಿತ್ತು. ಹಿಡಿದೇಬಿಟ್ಟರು! ನುಗ್ಗಿ ಚೀಲ ಕಿತ್ತುಕೊಂಡೆ.

ಒಳಗೆ ಬಲೆಯಿರಲಿಲ್ಲ, ಹಕ್ಕಿಯೂ ಇರಲಿಲ್ಲ. ಒಂದು ಸ್ಪೀಕರು ಹಾಡುತ್ತಿತ್ತು.

“ಹೇಳಿದ್ರೆ ನಂಬ್ತಿದ್ಯಾ ನೀನು?” ಭಾವ ಪಿಸುಗುಟ್ಟಿದರು. “ಹಿಡಿಯೋಕೇ ಕರೀತಿದಾನೆ ಅಂತಿದ್ದೆ ನೀನು. ಹಕ್ಕಿ ಕಣ್ಣಿಗೆ ಬಿದ್ಮೇಲೆ ನಿನ್ನ ಕರ್ಕೊಂಡು ಬಂದು ತೋರಿಸೋಣ ಅಂದ್ಕೊಂಡಿದ್ದೆ. ಬಂದಿದೀಯಲ್ಲ, ಕೇಳು. ದಿನಾ ಆ ದಡದಿಂದ ಉತ್ತರ ಕೊಡುತ್ತೆ.”

ಆ ದಡದ ಬಂಡೆಯ ಮೇಲಿಂದ ಮೂರು ಸ್ವರ ಬಂತು.

“ಕೇಳಿಸ್ತಾ?” ಭಾವನ ಕಣ್ಣು ತುಂಬಿತ್ತು.

“ಅದು ನಂದು, ಭಾವ.”

ಅವರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ತಮ್ಮ ಸ್ಪೀಕರನ್ನೇ ನೋಡುತ್ತ ಕೂತರು, ಆರಿಸಿದರು. ನಾನು ತೊರೆ ದಾಟಿ ನನ್ನದನ್ನೂ ಆರಿಸಿ ಬಂದೆ. ಬಿಸಿಲೇರುವ ತನಕ ಒಂದೇ ಮರದ ಕೆಳಗೆ ಇಬ್ಬರೂ ಕಿವಿಗೊಟ್ಟು ಕೂತೆವು. ಬೇರೆ ಹಕ್ಕಿಗಳೆಲ್ಲ ಹಾಡಿದವು.