ಎತ್ತಬಾರದ ಕೈ

ಊರಿನ ಹೋಟೆಲು, ಆಸ್ಪತ್ರೆಗಳ ಹಾಸಿಗೆ ಚಾದರಗಳೆಲ್ಲ ಆ ಲಾಂಡ್ರಿಗೆ ಬಂದು, ಒಗೆಸಿಕೊಂಡು, ರೋಲರಿನ ಬಾಯಿಗೆ ಹೋಗಿ, ಕಾಗದದಷ್ಟು ಚಪ್ಪಟೆಯಾಗಿ ಆಚೆ ಬರುತ್ತಿದ್ದವು. ರೋಲರ್ ಎಂದರೆ ಆಳುದ್ದದ ಎರಡು ಕಾದ ಉರುಳೆಗಳು. ಅದರ ಬಾಯಿ ಇರಬೇಕಾದದ್ದು ಎದೆಯ ಮಟ್ಟಕ್ಕೆ, ಇದ್ದದ್ದು ಹಣೆಯ ಮಟ್ಟಕ್ಕೆ. ಕೆಳಗೆ ನೀರು ಹರಿದುಹೋಗಲಿ ಎಂದು ಯಂತ್ರವನ್ನು ಕಟ್ಟೆಯ ಮೇಲೆ ಕೂರಿಸಿದ್ದರು. ನೀರಿಗೊಂದು ದಾರಿ ಬೇಕು ಎಂದು ಹೊಳೆದವರಿಗೆ, ಅದರ ಮುಂದೆ ನಿಲ್ಲುವವಳಿಗೂ ಭುಜ ಅಂತ ಒಂದಿರುತ್ತದೆ ಎಂದು ಹೊಳೆಯಲಿಲ್ಲ.

ಎಲ್ಲರ ಬಾಯಲ್ಲೂ ಉದ್ದಕ್ಕ ಎಂದೇ ಆಗಿದ್ದವಳು ಅಲ್ಲಿ ನಿಂತದ್ದು ಅವಳ ಎತ್ತರದ ದೆಸೆಯಿಂದ. 'ನಿನ್ನ ಕೈ ಸಲೀಸಾಗಿ ತಲುಪುತ್ತೆ' ಎಂದು ಹೊಗಳಿ ಹೊಗಳಿ ನಿಲ್ಲಿಸಿದರು. ಹೊಗಳಿಕೆಗೆ ಖರ್ಚಿಲ್ಲವಲ್ಲ. ನೆಂದ ಚಾದರವನ್ನು ಎತ್ತು, ಹರಡು, ಬಾಯಿಗೆ ಕೊಡು, ಮತ್ತೆ ಎತ್ತು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಕೈಯೇ ಕೆಟ್ಟರೆ ಬಾಯಿಗೇನು ಎಂದು ಯಾವ ಗಾದೆಯೂ ಹೇಳಿಲ್ಲ. ಕೊನೆಗೊಂದು ದಿನ ಬಲಗೈ ಭುಜದ ಮಟ್ಟಕ್ಕೆ ಬಂದು, ಹಟ ಹಿಡಿದ ಎತ್ತಿನ ಹಾಗೆ ಅಲ್ಲೇ ನಿಂತುಬಿಟ್ಟಿತು. ಕಂಪನಿಯ ಡಾಕ್ಟರು ನೋಡಿದರು, ಲೊಚಗುಟ್ಟಿದರು, ಅವಳನ್ನು ಚಾದರ ಮಡಿಚುವ ಮೇಜಿಗೆ ಹಾಕಿಸಿದರು. ಅಲ್ಲಿ ಕೈ ಸೊಂಟದ ಮಟ್ಟದಲ್ಲೇ ಆಡಿದರೆ ಸಾಕು. ಆ ಮೇಜು ಅವಳ ಪಾಲಿಗೆ ಹೊಸ ಜನ್ಮ. ಅವಳಿಗಿಂತ ಮುಂಚೆ ರೋಲರಿನಲ್ಲಿದ್ದವಳು ಈಗ ತಲೆ ಬಾಚಿಸಿಕೊಳ್ಳಲು ಮಗಳನ್ನು ಕೂಗುತ್ತಾಳೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಪೋಲ್ ಫಿಟ್‌ನೆಸ್ಸಿನ, ಅಂದರೆ ಕಂಬ ಹಿಡಿದು ಮಾಡುವ ಕಸರತ್ತಿನ, ಹುಚ್ಚು ಹಿಡಿಸಿದವಳು ನಾದಿನಿ. ಅವಳಿಗೆ ಪಾತ್ರೆ ಅಂಗಡಿಯ ಮಹಡಿಯಲ್ಲಿದ್ದ ಜಿಮ್ಮಿನಲ್ಲಿ ಬಂದವರ ಹೆಸರು ಬರೆದುಕೊಳ್ಳುವ ಕೌಂಟರಿನ ಕೆಲಸ. ಮನೆಯವರೊಬ್ಬರನ್ನು ಪುಕ್ಕಟೆಯಾಗಿ ಕರೆತರಬಹುದಿತ್ತು.

"ಅತ್ತಿಗೆ, ಒಂದ್ಸಲ ಬಂದು ನೋಡು. ಕಾಲುಗುರಿಂದ ಕತ್ತಿನ ತನಕ ಒಂದು ನರಾನೂ ಬಿಡಲ್ಲ, ಎಲ್ಲಕ್ಕೂ ಕೆಲಸ ಕೊಡುತ್ತೆ."

"ನನ್ನ ನರಗಳು ಕೆಲಸ ಇಲ್ಲದೆ ಕೂತಿವೆ ಅಂತ ಯಾರು ಹೇಳಿದ್ರೇ ನಿಂಗೆ?"

"ಅದು ಅವರ ಕೆಲಸ. ಇದು ನಿಂದು."

"ಕಂಬ ಹತ್ತೋಕೆ ನಾನೇನು ಲೈನ್‌ಮ್ಯಾನಾ? ಈ ವಯಸ್ಸಲ್ಲಿ ಕೋತಿ ಆಗ್ಲಾ?"

"ಕೋತಿಗೆ ಭುಜ ನೋವು ಬಂದಿದ್ದು ಎಲ್ಲಾದ್ರೂ ನೋಡಿದ್ದೀಯಾ?"

ಉದ್ದಕ್ಕ ಮಾರನೇ ಸಂಜೆಯೇ ನಾದಿನಿಯ ಜೊತೆ ಹೋದಳು.

ಜಿಮ್ಮಿನ ಕೋಣೆಯಲ್ಲಿ ನೆಲದಿಂದ ಸೂರಿನವರೆಗೆ ಉಕ್ಕಿನ ಕಂಬಗಳು, ಒಂದು ಗೋಡೆಯ ತುಂಬ ಕನ್ನಡಿ. ಟೀಚರ್ ಎಂದರೆ ತೆಳ್ಳಗೆ ಬಳುಕುವವಳಿರಬೇಕು ಎಂದುಕೊಂಡಿದ್ದರೆ, ಅಲ್ಲಿದ್ದದ್ದು ಗುಂಡುಗುಂಡಾದ, ಗಟ್ಟಿ ದನಿಯ ಹೆಂಗಸು. ಉದ್ದಕ್ಕ ಕಾಲು ಮುಚ್ಚುವ ಪ್ಯಾಂಟು ತೊಟ್ಟು, ಭುಜಕ್ಕೆ ನೋವಿನ ಮುಲಾಮು ತಿಕ್ಕಿ, ಬ್ಲೀಚಿಗೆ ಬಿರಿದ ಅಂಗೈಗಳಿಗೆ ಎಣ್ಣೆ ಸವರಿಕೊಂಡು ಬಂದಿದ್ದಳು. ವ್ಯಾಯಾಮಕ್ಕೆ ಮೊದಲು ಮೈ ಹದ ಮಾಡಿಕೊಳ್ಳಬೇಕು ಎಂಬುದು ಅವಳ ತಿಳಿವಳಿಕೆ. ಕಂಬ ಹಿಡಿದದ್ದೇ ತಡ, ಸರ್ರನೆ ಜಾರಿ ನೆಲಕ್ಕೆ ಕುಂಡಿ ಊರಿದಳು.

"ಎಣ್ಣೆ ಹಚ್ಕೊಂಡು ಕಂಬಕ್ಕೆ ಬಂದೋರಲ್ಲಿ ನೀವೇ ಮೊದಲನೆಯವರು ಕಣ್ರೀ," ಎಂದಳು ಟೀಚರ್. "ಇಲ್ಲಿ ಬಟ್ಟೆ ಜಾರುತ್ತೆ, ಚರ್ಮ ಹಿಡಿಯುತ್ತೆ. ನಾಳೆಯಿಂದ ಚಡ್ಡಿ ಹಾಕ್ಕೊಂಡು, ಎಣ್ಣೆ ಹಚ್ಚದೆ ಬನ್ನಿ."

ಮಂಡಿಯಿಂದ ಮೇಲಿನ ಕಾಲನ್ನು ಉದ್ದಕ್ಕ ಬೆಳಕಿನಲ್ಲಿ ನೋಡಿಕೊಳ್ಳದೆ ಎಷ್ಟು ಕಾಲವಾಗಿತ್ತೋ. ಕನ್ನಡಿಯಲ್ಲಿ ಕಂಡಾಗ ಯಾರದೋ ಕಾಲು ಅನ್ನಿಸಿತು. ಟೀಚರ್ ಅವಳನ್ನು ಮೊದಮೊದಲು ನೇತಾಡಲು ಬಿಡಲಿಲ್ಲ. ಗೋಡೆಗೆ ಬೆರಳೂರಿ ಕೈಯನ್ನು ಇಷ್ಟಿಷ್ಟೇ ಮೇಲೆ ನಡೆಸುವುದು, ಭುಜವನ್ನು ಕಿವಿಯಿಂದ ಕೆಳಗೆಳೆದುಕೊಳ್ಳುವುದು, ತುದಿಗಾಲಲ್ಲಿ ಕಂಬ ಸುತ್ತುವುದು, ತೊಡೆಗಳ ನಡುವೆ ಕಂಬ ಬಿಗಿದು ಕೂರುವುದು. ತೊಡೆ ಉರಿಯುತ್ತಿತ್ತು, ಹೊಟ್ಟೆ ನಡುಗುತ್ತಿತ್ತು, ಮಾರನೇ ದಿನ ನಕ್ಕರೂ ಪಕ್ಕೆ ನೋಯುತ್ತಿತ್ತು. ಆದರೂ ರೋಲರಿನ ನೋವೇ ಬೇರೆ, ಈ ನೋವೇ ಬೇರೆ. ಅದು ಮೈಯಿಂದ ಏನನ್ನೋ ಕಿತ್ತುಕೊಂಡು ಹೋಗುತ್ತಿತ್ತು. ಇದು ಏನನ್ನೋ ತಂದಿಟ್ಟು ಹೋಗುತ್ತಿತ್ತು. ಒಂದು ಸಂಜೆ ಬಲಗೈ ಕಿವಿ ದಾಟಿತು. ಇನ್ನೊಂದು ಸಂಜೆ ನೇರ ನೆತ್ತಿಯ ಮೇಲೆ ನಿಂತಿತು. ನಾದಿನಿ ಕೌಂಟರು ಬಿಟ್ಟು ಓಡಿ ಬಂದು ಕುಣಿದಾಡಿದಳು.

ಲಾಂಡ್ರಿಯಲ್ಲಿ ಬಟ್ಟೆ ಬದಲಿಸುವ ಕೋಣೆ ಎಂದರೆ ಕೈಕಾಲು ಆಡಿಸಲೂ ಜಾಗವಿಲ್ಲದ ಗೂಡು. ಅಲ್ಲಿ ಗುಟ್ಟು ನಿಲ್ಲುವುದಿಲ್ಲ. ಅವಳ ಜಾಗದಲ್ಲಿ ರೋಲರಿಗೆ ಬಂದಿದ್ದ ಗಿಡ್ಡ ಹುಡುಗಿ, ಹೊಸದಾಗಿ ಮದುವೆಯಾದವಳು, ಉದ್ದಕ್ಕನ ತೊಡೆಯ ನೀಲಿ ಕಲೆಗಳನ್ನು ಕಂಡು ಬಾಯಿಯ ಮೇಲೆ ಕೈ ಇಟ್ಟಳು. ಉಳಿದವರೂ ಕತ್ತು ಚಾಚಿದರು.

"ಅಯ್ಯೋ ಅಕ್ಕಾ! ಭಾವ ಇಷ್ಟೊಂದು ಹೊಡೀತಾರಾ?"

ಗಂಡ ಹೊಡೆದ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಯಾರೂ ಎರಡನೇ ಮಾತು ಕೇಳುತ್ತಿರಲಿಲ್ಲ. ಒಬ್ಬಳು ಮುಲಾಮು ಕೊಡುತ್ತಿದ್ದಳು, ಇನ್ನೊಬ್ಬಳು ತನ್ನದೂ ತೋರಿಸುತ್ತಿದ್ದಳು. ಹೆಣ್ಣಿನ ಮೈಮೇಲಿನ ಗಾಯಕ್ಕೆ ಈ ಲೋಕ ಒಪ್ಪಿಕೊಂಡಿರುವ ಕಾರಣ ಅದೊಂದೇ. ಆದರೆ ಉದ್ದಕ್ಕನ ಗಂಡ ಗ್ಯಾರೇಜಿನಲ್ಲಿ ಟಯರು ಬಿಚ್ಚುವ, ಸೊಳ್ಳೆ ಹೊಡೆಯಲೂ ಎರಡು ಸಲ ಯೋಚಿಸುವ ಪ್ರಾಣಿ. ಅವನ ತಲೆಗೆ ಇಲ್ಲದ ಪಾಪ ಕಟ್ಟಲು ಅವಳಿಗೆ ಮನಸ್ಸಾಗಲಿಲ್ಲ. ಜೊತೆಗೆ ಒಂದಿಷ್ಟು ಜಂಬವೂ ಇತ್ತು.

"ಯಾರೂ ಹೊಡೆದಿಲ್ಲ ಕಣೇ. ಕಂಬ ಹತ್ತಿದ್ದು. ನಾನೇ, ನನ್ನ ಖುಷಿಗೆ."

ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. "ಉದ್ದಕ್ಕ ಸರ್ಕಸ್ ಸೇರಿದ್ಲು!" ಎಂದರು. ಅವಳೂ ನಕ್ಕಳು. ನಗು ಬಾಗಿಲ ಸಂದಿಯಿಂದ ತೂರಿ ಸೂಪರ್‌ವೈಸರನ ಕಿವಿ ಮುಟ್ಟಿತು. ಹೆಂಗಸರನ್ನು ಹೆಸರು ಹಿಡಿಯದೆ ಬಾಯಲ್ಲಿ ಸೀಟಿ ಊದಿ ಕರೆಯುತ್ತಿದ್ದುದರಿಂದ ಅವನಿಗೂ ಸೀಟಿ ಎಂದೇ ಹೆಸರು.

"ಏನಮ್ಮಾ, ಕಂಬಕ್ಕೆ ಜೋತು ಬೀಳೋ ಕೈಗೆ ನಮ್ಮ ಚಾದರ ಭಾರ ಆಯ್ತಾ?" ಎಂದು ಮೇಜಿನ ಬಳಿ ಬಂದು ನಿಂತ. "ಸೋಮವಾರ ಡಾಕ್ಟರು ಬರ್ತಾರೆ. ತೋರಿಸುವಿಯಂತೆ. ಕೈ ಮೇಲೆ ಹೋದ್ರೆ ನೀನು ರೋಲರಿಗೆ."

ನಾದಿನಿ ಅಂದು ಸಂಜೆ ಕಣ್ಣೀರು ಹಾಕಿದಳು. "ನನ್ನಿಂದಲೇ ಆಯ್ತು ಅತ್ತಿಗೆ. ನೀನು ಎತ್ತಲೇಬೇಡ. ಭುಜದ ಮಟ್ಟಕ್ಕೆ ಬಂದ ಕೂಡ್ಲೇ ನೋವು ಅಂದ್ಬಿಡು."

ಟೀಚರಿಗೂ ವಿಷಯ ತಿಳಿಯಿತು. "ನೋವು ಅಂತ ಸುಳ್ಳು ಹೇಳಿದ್ರೆ ಹೇಳಿ, ಅದು ನಿಮ್ಮ ಹೊಟ್ಟೆಪಾಡು. ಆದ್ರೆ ಇಲ್ಲಿಗೆ ಬರೋದು ಬಿಡಬೇಡಿ. ಈಗ ಬಿಟ್ರೆ ಭುಜ ಮತ್ತೆ ಹಿಡ್ಕೊಳ್ಳುತ್ತೆ."

ಸೋಮವಾರ ಡಾಕ್ಟರು "ಎತ್ತಮ್ಮ" ಎಂದರು. ಉದ್ದಕ್ಕ ಎತ್ತಿದಳು. ಭುಜದ ಮಟ್ಟಕ್ಕೆ ಬಂದಾಗ ಕೈ ತಾನಾಗಿ ಮೇಲೆ ಹೊರಟಿತು, ಕಟ್ಟು ಬಿಚ್ಚಿದ ಕರುವಿನ ಹಾಗೆ. ಅದನ್ನು ಅಲ್ಲೇ ಹಿಡಿದು ನಿಲ್ಲಿಸಲು ಅವಳಿಗೆ ಬೇಕಾದ ಬಲ, ಕಂಬದ ಮೇಲೆ ಕೂರಲು ಬೇಕಾದುದಕ್ಕಿಂತ ಹೆಚ್ಚಿತ್ತು. "ಅಮ್ಮಾ" ಎಂದು ನರಳಿದಳು. ಡಾಕ್ಟರು ತಲೆಯಾಡಿಸಿದರು. ಸೀಟಿ ಹಲ್ಲು ಕಚ್ಚಿ, "ಮೇಜಲ್ಲೇ ಇರು. ಆದ್ರೆ ಇನ್ನೊಂದ್ಸಲ ಆ ಮಹಡಿ ಮೆಟ್ಟಿಲು ಹತ್ತಿದ್ದು ಕಂಡ್ರೆ ಹುಷಾರ್. ನಮ್ಮ ವ್ಯಾನು ದಿನಾ ಆ ಬೀದೀಲೇ ಹೋಗುತ್ತೆ," ಎಂದ.

ಕಾರ್ಖಾನೆಗೆ ಎರಡೇ ಬಗೆಯ ಕೈ ಗೊತ್ತು: ದುಡಿಯುವ ಕೈ, ಕೆಟ್ಟ ಕೈ. ವಾಸಿಯಾದ ಕೈ ಯಾರದು ಎಂಬ ಪ್ರಶ್ನೆಯನ್ನು ಅದು ಕೇಳಲು ಬಿಡುವುದಿಲ್ಲ.

ಉದ್ದಕ್ಕ ಜಿಮ್ಮಿಗೆ ಹೋಗುವುದನ್ನು ಬಿಟ್ಟಳು. ಮನೆಯಲ್ಲೇ ಗೋಡೆಗೆ ಬೆರಳೂರಿ ಮಾಡುತ್ತೇನೆ ಎಂದುಕೊಂಡಳು. ಎರಡು ದಿನ ಮಾಡಿದಳು, ಮೂರನೇ ದಿನ ಗೋಡೆಯ ಮುಂದೆ ನಿಂತು ಸುಮ್ಮನೆ ಹಿಂದೆ ಸರಿದಳು. ಲಾಂಡ್ರಿಯಲ್ಲಂತೂ ಸೀಟಿಯ ಕಣ್ಣು ಸದಾ ಅವಳ ಬಲಗೈಯ ಮೇಲೆ. ಬೆವರೊರೆಸಲು ಎಡಗೈ, ಮೇಲಿನ ಗೂಡಿನ ದಾರದುಂಡೆಗೆ ಪಕ್ಕದವಳು. ಸುಳ್ಳಿಗೂ ರೂಢಿ ಬೇಕಲ್ಲ. ಬರಬರುತ್ತ ಮನೆಯಲ್ಲೂ ಕೈ ಮೇಲೇಳುವುದು ನಿಂತಿತು. "ಇಲ್ಲಿ ಯಾರು ನೋಡ್ತಾರೆ ಅತ್ತಿಗೆ?" ಎಂದು ನಾದಿನಿ ಕೇಳಿದರೆ, "ಸಾಕು ಬಿಡು, ಒಂದ್ಕಡೆ ಎತ್ತಿ ಒಂದ್ಕಡೆ ಎತ್ತದೆ ಇರೋಕೆ ನಂಗೆ ಬರಲ್ಲ," ಎನ್ನುತ್ತಿದ್ದಳು.

ಈ ನಡುವೆ ಗಿಡ್ಡ ಹುಡುಗಿ ತುದಿಗಾಲಲ್ಲಿ ನಿಂತು ಚಾದರ ಕೊಡುತ್ತಿದ್ದವಳು, ಚಾದರ ಚಾದರದ ನಡುವೆ ಭುಜ ಹಿಡಿದುಕೊಳ್ಳತೊಡಗಿದಳು. ಸೀಟಿಯನ್ನು ಒಂದು ಮರದ ಮೆಟ್ಟಿಲು ಕೇಳಿದಳಂತೆ. "ಗಂಡನ ಹತ್ರ ಎತ್ತಿಸ್ಕೋ," ಎಂದನಂತೆ. ಉದ್ದಕ್ಕ ಮಡಿಚುತ್ತ ಮಡಿಚುತ್ತ ಅದನ್ನು ನೋಡುತ್ತಿದ್ದಳು. ತಾನು ಉಳಿದದ್ದು ಯಾರ ಭುಜದ ಮೇಲೆ ಎಂಬುದು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಡಾಕ್ಟರು ಮತ್ತೆ ಬರುತ್ತಾರೆ ಎಂದು ತಿಳಿದಾಗ ನಾದಿನಿಗೆ ಹೇಳಿದಳು: "ಈ ಸಲ ಎತ್ತಿಬಿಡ್ತೀನಿ ಕಣೇ."

"ತಲೆ ಕೆಟ್ಟಿದೆಯಾ? ರೋಲರಿಗೆ ಹಾಕ್ತಾರೆ!"

"ಹಾಕ್ಲಿ. ಎತ್ತಿ ತೋರಿಸಿ, ನೋಡಿ ಸ್ವಾಮಿ, ಇಲ್ಲಿ ಕೆಟ್ಟ ಕೈ ಆಚೆ ಹೋಗಿ ವಾಸಿಯಾಯ್ತು, ಹಾಗಾದ್ರೆ ಕೆಡಿಸಿದ್ದು ಯಾವುದು ಅಂತ ಕೇಳ್ತೀನಿ. ಆ ಬಾಯಿ ತಗ್ಗಿಸಿ, ಇಲ್ಲ ಮೆಟ್ಟಿಲು ಹಾಕಿ ಅಂತೀನಿ. ಎಲ್ಲರೆದುರಿಗೆ."

ನಾದಿನಿ, "ನಾನೂ ಬಂದು ಗೇಟಲ್ಲಿ ನಿಂತಿರ್ತೀನಿ," ಎಂದಳು.

ಆ ದಿನ ಯಂತ್ರಗಳ ನಡುವೆಯೇ ಕುರ್ಚಿ ಹಾಕಿಸಿಕೊಂಡು ಡಾಕ್ಟರು ಕೂತಿದ್ದರು. ಹೆಂಗಸರು ಸಾಲಾಗಿ ನಿಂತಿದ್ದರು. ಮೆಟ್ಟಿಲಿನ ಮಾತು ಕೇಳುತ್ತೇನೆ ಎಂದು ಉದ್ದಕ್ಕ ಗಿಡ್ಡ ಹುಡುಗಿಗೆ ಬೆಳಿಗ್ಗೆಯೇ ಹೇಳಿದ್ದಳು. ಉದ್ದಕ್ಕ ಅವರು ಹೇಳುವ ಮೊದಲೇ ಕೈ ಎತ್ತಿದಳು. ಭುಜದ ಮಟ್ಟಕ್ಕೆ ಬಂತು. ಇನ್ನೂ ಎತ್ತಿದಳು. ಬರಲಿಲ್ಲ. ಒಳಗೆ ಯಾರೋ ಬೀಗ ಜಡಿದಂತಿತ್ತು. ಉಸಿರು ಬಿಗಿಹಿಡಿದಳು, ಹಲ್ಲು ಕಚ್ಚಿದಳು, ಎಡಗೈಯಿಂದ ಮೊಣಕೈಯನ್ನು ಮೇಲೆ ನೂಕಿದಳು. ಕಣ್ಣಲ್ಲಿ ನೀರು ಬಂತೇ ಹೊರತು ಕೈ ಮೇಲೆ ಬರಲಿಲ್ಲ.

"ಸಾಕಮ್ಮ, ಬಿಡು. ಹೋದ ಸಲದ ಹಾಗೇ ಇದೆ," ಎಂದರು ಡಾಕ್ಟರು.

"ಇಲ್ಲ ಸ್ವಾಮಿ... ಹೋದ ಸಲ ಬರ್ತಿತ್ತು. ಹೋದ ಸಲ ನಿಜವಾಗ್ಲೂ ಬರ್ತಿತ್ತು!"

ಸೀಟಿ ಕಿಸಕ್ಕನೆ ನಕ್ಕ. ಸಾಲಿನಲ್ಲೂ ಒಂದಿಬ್ಬರು ನಕ್ಕರು. ಕೆಟ್ಟ ಮನಸ್ಸಿನಿಂದಲ್ಲ, ಇದೂ ಉದ್ದಕ್ಕನ ಒಂದು ತಮಾಷೆ ಎಂದುಕೊಂಡು. ಡಾಕ್ಟರು ಆಗಲೇ ಮುಂದಿನವಳ ಕಡೆ ತಿರುಗಿದ್ದರು. ಹೇಳಬೇಕೆಂದು ಕಟ್ಟಿಕೊಂಡು ಬಂದಿದ್ದ ಮಾತುಗಳಿಗೆ ಆಧಾರವಾಗಿದ್ದದ್ದು ಆ ಒಂದು ಕೈ. ಅದೇ ಮೇಲೇಳಲಿಲ್ಲ.

ಮೇಜಿಗೆ ಮರಳಿದಳು. ರೋಲರ್ ಮತ್ತೆ ಗುಡುಗತೊಡಗಿತು. ಗಿಡ್ಡ ಹುಡುಗಿ ಚಾದರವನ್ನು ತಲೆಯ ಮೇಲೆತ್ತಿ ಹಿಡಿದುಕೊಂಡೇ ತಿರುಗಿ ಕೂಗಿದಳು: "ಅಕ್ಕಾ, ಏನೋ ಕೇಳ್ತೀನಿ ಅಂದಿದ್ರಲ್ಲ! ಮೆಟ್ಟಿಲು ಹಾಕ್ತಾರಂತಾ?"

"ಈ ಕಡೆ ನೋಡಬೇಡ ಕಣೇ!" ಎಂದು ಉದ್ದಕ್ಕ ಸಿಡುಕಿದಳು. "ಚಾದರ ನೋಡು. ಬೆರಳು ಸಿಕ್ಕೀತು."

ಹುಡುಗಿ ಮುಖ ಸಣ್ಣದು ಮಾಡಿಕೊಂಡು ಯಂತ್ರದ ಕಡೆ ತಿರುಗಿದಳು. ಮತ್ತೆ ತುದಿಗಾಲಲ್ಲಿ ನಿಂತಳು.